ಹೊಗೆಯ ಲೆಕ್ಕ

ಕಲ್ಲಿದ್ದಲು ಅಗ್ಗವೆಂಬ ಮಾತು ನಮ್ಮಲ್ಲಿ ಬಹಳ ಕಾಲದಿಂದ ಬೇರೂರಿದೆ. ಅದನ್ನು ಒರೆಗೆ ಹಚ್ಚಿ ನೋಡುವವರು ವಿರಳ. ಬೀರೂರಿನಂಥ ಮಂಡಿಯ ಊರಿನವರಾದರೂ ಇಂಥ ಮಾತನ್ನು ಸುಲಭವಾಗಿ ಒಪ್ಪಬಾರದು. ಅಡಕೆಯ ಧಾರಣೆಯೆಂದರೆ ಕೂಗಿದ ಬೆಲೆಯಷ್ಟೇ ಅಲ್ಲ, ಅದರಲ್ಲಿ ಹಮಾಲಿಯುಂಟು, ಸಾಗಣೆಯುಂಟು, ದಲ್ಲಾಳಿಯ ಪಾಲುಂಟು, ತೂಕದಲ್ಲಿ ಕಳೆಯುವುದುಂಟು ಎಂಬುದನ್ನು ಅಲ್ಲಿ ಸಣ್ಣ ಹುಡುಗರೂ ಬಲ್ಲರು. ಕಲ್ಲಿದ್ದಲಿನ ವಿಷಯದಲ್ಲಿ ಮಾತ್ರ ನಾವು ಕೂಗಿದ ಬೆಲೆಯನ್ನೇ ನಂಬಿಕೊಂಡು ಕುಳಿತಿದ್ದೇವೆ. ಉಳಿದ ಖರ್ಚೆಲ್ಲ ಬೇರೆ ಯಾರದೋ ಖಾತೆಗೆ ಬರೆಯಲ್ಪಟ್ಟಿದೆ.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದಂದಿನಿಂದ ಸಿಂಗರೇಣಿಯೇ ಮುಂತಾದ ದೂರದ ಗಣಿಗಳಿಂದ ಗೂಡ್ಸ್ ಬಂಡಿಗಳಲ್ಲಿ ಇದ್ದಲು ಬರುತ್ತಿದೆ. ಈಗ ಆ ಸ್ಥಾವರದ ಸಾಮರ್ಥ್ಯ 1,720 ಮೆಗಾವಾಟ್. ನಮ್ಮ ದೇಶದ ಇದ್ದಲಿನಲ್ಲಿ ಮೂರನೆಯ ಒಂದು ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ಬರಿಯ ಬೂದಿ. ಉರಿದದ್ದರಲ್ಲಿಯೂ ಸುಮಾರು ಮೂರನೆಯ ಒಂದು ಪಾಲಿನ ಕಾವು ಮಾತ್ರ ವಿದ್ಯುತ್ತಾಗಿ ತಂತಿಗೇರುತ್ತದೆ; ಉಳಿದುದು ಗಾಳಿಗೂ ನೀರಿಗೂ ಸೇರಿಹೋಗುತ್ತದೆ. ಬೀರೂರಿನ ಮನೆಯಲ್ಲಿ ಗುಂಡಿಯೊತ್ತಿ ದೀಪ ಹಚ್ಚಿದವರ ಕಣ್ಣಿಗೆ ಈ ಹೊಗೆಯೂ ಕಾಣದು, ಬೂದಿಯೂ ಕಾಣದು. ಕೃಷ್ಣೆಯ ದಂಡೆಯಲ್ಲಿ ಬೂದಿಯ ಹೊಂಡದ ಮಗ್ಗುಲಲ್ಲೇ ಬಾಳುವವರಿಗೆ ಅದು ದಿನವೂ ಕಾಣುತ್ತದೆ. ಕಲ್ಲಿದ್ದಲು ಅಗ್ಗವೆನ್ನುವವರು ಅವರನ್ನೊಮ್ಮೆ ಕೇಳಿ ನೋಡಬೇಕು.

ಹೊಗೆ ಕಣ್ಣೆದುರಿಗೇ ಇದ್ದ ಕಾಲವೊಂದಿತ್ತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ಕವಲುದಾರಿ ತೆರೆದು ಊರು ಜಂಕ್ಷನ್ನಾಯಿತು. ಬಂಡಿಯಲ್ಲಿ ಬಂದವರ ಬಿಳಿಯ ಪಂಚೆಯೇ ಹೊಗೆಯ ಲೆಕ್ಕ ಒಪ್ಪಿಸುತ್ತಿದ್ದ ದಿನಗಳು ಅವು. ಉಗಿಯ ಎಂಜಿನ್ನು ತಿಂದ ಇದ್ದಲಿನ ಶಕ್ತಿಯಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ ಗಾಲಿಗೆ ಮುಟ್ಟುತ್ತಿತ್ತೆಂದು ತಿಳಿದವರು ಲೆಕ್ಕ ಹಾಕಿದ್ದಾರೆ. ಆಮೇಲೆ ಡೀಸೆಲ್ ಬಂದಿತು, ಈಗ ಮೇಲೆ ವಿದ್ಯುತ್ತಿನ ತಂತಿ ಹಾದಿದೆ. 2023ರ ಜೂನ್ ತಿಂಗಳಲ್ಲಿ ಆರಂಭವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಗಾಡಿ ಬೀರೂರನ್ನು ಹಾದುಹೋಗುವಾಗ ಚಿಟಿಕೆ ಮಸಿಯನ್ನೂ ಉದುರಿಸುವುದಿಲ್ಲ. ಇದು ಸಂತೋಷದ ಸಂಗತಿಯೇ. ಆದರೂ ತಂತಿಯ ಇನ್ನೊಂದು ತುದಿಯಲ್ಲಿ ಕಲ್ಲಿದ್ದಲೇ ಉರಿಯುತ್ತಿದ್ದರೆ ಹೊಗೆ ಅಷ್ಟಿಷ್ಟು ತಗ್ಗಿರಬಹುದೇ ಹೊರತು ನಿಂತಿಲ್ಲ; ಬೀರೂರಿನಿಂದ ರಾಯಚೂರಿಗೆ ಅದಕ್ಕೆ ವರ್ಗವಾಗಿದೆ, ಅಷ್ಟೆ.

ಇಂಧನವನ್ನು ಬದಲಿಸುವ ಪ್ರಯತ್ನ ಈ ಸೀಮೆಗೆ ಹೊಸದೇನೂ ಅಲ್ಲ. ಇದೇ ಕವಲುದಾರಿಯ ಮೇಲಿರುವ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸತೊಡಗಿದಾಗ ಕಲ್ಲಿದ್ದಲು ದೂರ, ಕಾಡು ಹತ್ತಿರ. ಆದುದರಿಂದ ಕುಲುಮೆಗೆ ಸೌದೆಯ ಇದ್ದಿಲನ್ನೇ ಹಾಕಿದರು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸಲು ಮಲೆನಾಡಿನ ಮರಗಳು ಲೆಕ್ಕವಿಲ್ಲದಷ್ಟು ಉರಿದವು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಮಾಡತೊಡಗಿತು. ಅದರ ಹಿಂದೆಯೇ, 1950ರ ದಶಕದ ಆರಂಭದಲ್ಲಿ, ಭದ್ರಾವತಿಯಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಅದಿರಿನಿಂದ ಆಮ್ಲಜನಕವನ್ನು ಬಿಡಿಸಲು ಇದ್ದಿಲು ಆಗಲೂ ಬೇಕಿತ್ತು, ಆದರೆ ಬರಿಯ ಕಾವಿಗಾಗಿ ಮರವನ್ನು ಸುಡುವ ಅಗತ್ಯ ಉಳಿಯಲಿಲ್ಲ. ಅದಕ್ಕೂ ಹಿಂದೆ, 1902ರಲ್ಲಿಯೇ, ಶಿವನಸಮುದ್ರದ ವಿದ್ಯುತ್ತು ಸುಮಾರು 90 ಮೈಲಿ ನಡೆದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿ ಅಲ್ಲಿನ ಉಗಿಯಂತ್ರಗಳ ಕೆಲಸವನ್ನು ವಹಿಸಿಕೊಂಡಿತ್ತು. ಕಲ್ಲಿದ್ದಲನ್ನು ಬಿಟ್ಟರೆ ಕೈಗಾರಿಕೆ ನಿಂತೇ ಹೋದೀತೆಂದು ಈಗ ಹೆದರಿಸುವವರು ಈ ನಾಡಿನ ಕೈಗಾರಿಕೆ ಕಲ್ಲಿದ್ದಲಿನಿಂದ ಹುಟ್ಟಿದ್ದಲ್ಲವೆಂಬುದನ್ನು ಮರೆತಂತಿದೆ.

ಅವರು ಕೇಳುವ ಒಂದು ಪ್ರಶ್ನೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಮಳೆ ಕೈಕೊಟ್ಟರೆ ಜೋಗವೇನು ಮಾಡೀತು? ಸೂರ್ಯ ಮುಳುಗಿದ ಮೇಲೆ ಗತಿಯೇನು? 2023ರ ಬರಗಾಲದಲ್ಲಿ ಜಲಾಶಯಗಳು ತುಂಬಲಿಲ್ಲ, ಅಕ್ಟೋಬರ್ ತಿಂಗಳಲ್ಲಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತಿನ ವೇಳೆ ಕಡಿತವಾಯಿತು, ರೈತರು ಬೀದಿಗಿಳಿದರು. ಆ ದಿನಗಳಲ್ಲಿ ರಾಜ್ಯ ಉಷ್ಣಸ್ಥಾವರಗಳನ್ನು ನೆಚ್ಚಿಕೊಂಡದ್ದು ನಿಜ. ನಾಳೆ ಬೆಳಗಾಗುವುದರೊಳಗೆ ಶಕ್ತಿನಗರಕ್ಕೆ ಬೀಗ ಹಾಕಿರೆಂದು ಬುದ್ಧಿಯಿದ್ದವರು ಹೇಳಲಾರರು. ಹೊಸದಾಗಿ ಇದ್ದಲಿನ ಸ್ಥಾವರ ಕಟ್ಟಬೇಡಿ, ಇರುವುದನ್ನು ವರ್ಷವರ್ಷಕ್ಕೂ ಕಡಿಮೆ ಉರಿಸಿರಿ ಎನ್ನುವುದು ಬೇರೆಯ ಮಾತು. ಮೈಸೂರಿನ ಬಳಿಯ ಚಾಮಲಾಪುರದಲ್ಲಿ ಎದ್ದಿದ್ದ ಉಷ್ಣಸ್ಥಾವರದ ಯೋಜನೆ 2000ದ ದಶಕದ ಕೊನೆಯಲ್ಲಿ ಜನರ ವಿರೋಧದಿಂದ ನಿಂತಿತು. ಅದರಿಂದ ಮೈಸೂರು ಕತ್ತಲಾಗಲಿಲ್ಲ.

ಕಡಿಮೆ ಉರಿಸುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಡೂರು ಸೀಮೆಯ ತೋಟಗಳಲ್ಲಿಯೇ ಇದೆ. ರಾಜ್ಯದಲ್ಲಿ ಮಾರಾಟವಾಗುವ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಪಾಲು ನೀರೆತ್ತುವುದಕ್ಕೆ ಹೋಗುತ್ತದೆ. 10 ಅಶ್ವಶಕ್ತಿಯವರೆಗಿನ ಪಂಪಿಗೆ 2008ರಿಂದ ವಿದ್ಯುತ್ತು ಉಚಿತ. ಬಯಲುಸೀಮೆಯ ಬಡ ರೈತನಿಗೆ ಇದು ಬೇಕಾದದ್ದೇ. ಅದನ್ನು ಆಡಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಆದರೆ ಪುಕ್ಕಟೆ ಬಂದುದನ್ನು ಅಳೆಯುವವರಿಲ್ಲ. ಕರೆಂಟು ಎಷ್ಟು ಹೊತ್ತಿಗೆ ಬರುವುದೋ ತಿಳಿಯದ ರೈತ ಆಟೋ ಸ್ಟಾರ್ಟರ್ ಕೂರಿಸುತ್ತಾನೆ. ನಡುರಾತ್ರಿಯಲ್ಲಿ ಕರೆಂಟು ಬಂದರೆ ಪಂಪು ತಾನಾಗಿ ಓಡುತ್ತದೆ, ತೆಂಗಿನ ಬುಡ ತುಂಬಿ ನೀರು ಹಾದಿಗೆ ಹರಿಯುತ್ತದೆ. ವೋಲ್ಟೇಜ್ ಇಳಿದು ಮೋಟಾರು ಸುಡುತ್ತದೆ. ಸುಟ್ಟದ್ದಕ್ಕೆ ಮತ್ತೆ ಮತ್ತೆ ತಂತಿ ಸುತ್ತಿಸಿದರೆ ಅದು ಹೆಚ್ಚು ಉಂಡು ಕಡಿಮೆ ದುಡಿಯುವ ಎತ್ತಿನಂತಾಗುತ್ತದೆ. ಅತ್ತ ಅಂತರ್ಜಲ ವರ್ಷದಿಂದ ವರ್ಷಕ್ಕೆ ಇಳಿದು, ಅದೇ ಬಿಂದಿಗೆ ನೀರನ್ನು ಇನ್ನಷ್ಟು ಆಳದಿಂದ ಎತ್ತಬೇಕಾಗುತ್ತದೆ. ಒಳ್ಳೆಯ ಪಂಪು, ಹನಿ ನೀರಾವರಿ, ಹಗಲು ಹೊತ್ತಿನಲ್ಲಿ ನಂಬಿಕೆಯ ಕರೆಂಟು, ಹೂಳು ತೆಗೆದ ಕೆರೆ: ಇವುಗಳಿಂದ ಉಳಿಯುವ ವಿದ್ಯುತ್ತಿನಷ್ಟು ಶುದ್ಧವಾದ ವಿದ್ಯುತ್ತು ಬೇರೆ ಯಾವುದೂ ಇಲ್ಲ. ಇದರ ಉದ್ಘಾಟನೆಗೆ ಕತ್ತರಿಸಲು ರಿಬ್ಬನ್ನಿಲ್ಲ. ಮಂತ್ರಿಗಳ ಉತ್ಸಾಹ ಮಂದವಾಗಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ನೀರೆತ್ತುವ ಕೆಲಸ ಹಗಲಿನದು, ಸೂರ್ಯನೂ ಹಗಲಿನವನೇ. ಇವೆರಡನ್ನೂ ಕೂಡಿಸುವುದು ನ್ಯಾಯವಾದ ಸಂಬಂಧವೆನ್ನಬೇಕು. ಆದರೆ ಬಿಸಿಲಿಗೆ ಬಿಲ್ಲಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಕೊಳವೆಬಾವಿಯನ್ನು ಹೀರಿದರೆ ಕಲ್ಲಿದ್ದಲು ಉಳಿದೀತು, ನೀರು ಉಳಿಯದು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯರೈತ’ ಯೋಜನೆಯ ಕೆಳಗೆ ಬೇರೊಂದು ದಾರಿಯನ್ನು ಪ್ರಯೋಗಿಸಿದರು: ತೋಟಕ್ಕೆ ಸಾಕಾದ ಮೇಲೆ ಉಳಿದ ಸೌರವಿದ್ಯುತ್ತನ್ನು ರೈತನು ಕಂಪನಿಗೇ ಮಾರಬಹುದು. ನೀರೆತ್ತದೆ ಸುಮ್ಮನಿದ್ದರೂ ಹಣ ಬರುವುದಾದರೆ ರೈತನು ನೀರನ್ನು ಏಕೆ ಚೆಲ್ಲುತ್ತಾನೆ? ಅಂತರ್ಜಲ ಬತ್ತುತ್ತಿರುವ ಕಡೂರಿನಂಥ ತಾಲ್ಲೂಕಿಗೆ ಬೇಕಾದುದು ಈ ಬಗೆಯ ಏರ್ಪಾಟು.

ಇನ್ನು ಒಂದು ಮಾತನ್ನು ತುಸು ಒತ್ತಿ ಹೇಳಬೇಕಾಗಿದೆ. ಶುದ್ಧ ಶಕ್ತಿಯೆಂಬ ಹೆಸರಿಟ್ಟುಕೊಂಡು ಬಂದುದೆಲ್ಲವೂ ಶುದ್ಧವಾಗಿರಬೇಕಿಲ್ಲ. ಲಿಂಗನಮಕ್ಕಿಯ ನೀರಿನ ಕೆಳಗೆ ಮನೆ, ಗದ್ದೆ, ದೇವಸ್ಥಾನ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. ಅದೇ ಶರಾವತಿಯ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, ನೀರನ್ನು ಕೆಳಗಿನಿಂದ ಮೇಲಕ್ಕೆತ್ತಿ ಮತ್ತೆ ಇಳಿಸುವ 2,000 ಮೆಗಾವಾಟ್‌ನ ಹೊಸ ಯೋಜನೆಯನ್ನು ರೂಪಿಸಿದ್ದಾರೆ. ರಾತ್ರಿಗೆ ಶಕ್ತಿಯನ್ನು ಕೂಡಿಡುವುದು ಅಗತ್ಯವೆಂಬುದನ್ನು ನಾವು ಒಪ್ಪುತ್ತೇವೆ. ಅದಕ್ಕೆ ಆ ಕಾಡೇ ಬೇಕೆಂಬುದನ್ನು ಒಪ್ಪಲಾರೆವು.

ಬೀರೂರಿನ ಸುತ್ತಲೂ ಕಾಡಿಲ್ಲದಿದ್ದರೂ ಕಾವಲುಗಳಿವೆ. ಅಮೃತಮಹಲ್ ದನಗಳಿಗೆಂದು ಮೈಸೂರಿನ ಅರಸರು ಬಿಟ್ಟುಕೊಟ್ಟ ಹುಲ್ಲುನೆಲಗಳಿವು; ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿದರು. ಅಲ್ಲಿ ಕೃಷ್ಣಮೃಗಗಳೂ ತೋಳಗಳೂ ಬಾಳುತ್ತಿವೆ. ಕಚೇರಿಯ ಕಾಗದದಲ್ಲಿ ಮಾತ್ರ ಇಂಥ ನೆಲಕ್ಕೆ ಪಾಳು ಎಂಬ ಹೆಸರು ಸುಲಭವಾಗಿ ಅಂಟುತ್ತದೆ. ಪಾಳೆಂದು ಬರೆದ ಮೇಲೆ ಅದನ್ನು ಕೊಡುವುದು ಇನ್ನೂ ಸುಲಭ. ಚಳ್ಳಕೆರೆಯ ಕಾವಲಿನ ಸಾವಿರಾರು ಎಕರೆ ನೆಲ ಸಂಸ್ಥೆಗಳ ಪಾಲಾದುದನ್ನು ನಾವು ಕಂಡಿದ್ದೇವೆ. ಪಾವಗಡದಲ್ಲಿ ಸುಮಾರು 13,000 ಎಕರೆಯ ಸೌರ ಉದ್ಯಾನ ಕಟ್ಟುವಾಗ ರೈತರ ಹೊಲಗಳನ್ನು ಕೊಳ್ಳದೆ ಗುತ್ತಿಗೆಗೆ ಪಡೆದು ವರ್ಷವರ್ಷವೂ ಹಣ ಕೊಡುವ ಕ್ರಮವನ್ನಾದರೂ ಇಟ್ಟುಕೊಂಡರು. ದನಕ್ಕೂ ಜಿಂಕೆಗೂ ಗುತ್ತಿಗೆಯ ಹಣ ಕೊಡುವವರು ಯಾರು?

ಆದುದರಿಂದ, ಈ ಸೀಮೆಯ ಯಾವ ಕಾವಲಿನ ಮೇಲಾದರೂ ಸೌರಫಲಕ ಹಾಸುವ ಮಾತು ಎದ್ದಾಗ, ಮೊದಲು ಊರಿನ ಮಾಡುಗಳನ್ನು ಎಣಿಸಲಿ. ಬೀರೂರಿನ ಮಾರುಕಟ್ಟೆಯ ಪ್ರಾಂಗಣದಲ್ಲಿ ಅಡಕೆಯ ಉಗ್ರಾಣಗಳಿವೆ, ರೈಲು ನಿಲ್ದಾಣದ ಉದ್ದನೆಯ ಚಾವಣಿಗಳಿವೆ, ಶಾಲೆಗಳಿವೆ, ಕಾಲೇಜಿದೆ, ಸಿನಿಮಾ ಮಂದಿರಕ್ಕಿಂತ ದೊಡ್ಡದಾದ ಕಲ್ಯಾಣಮಂಟಪಗಳಿವೆ. ಇವುಗಳ ಅಳತೆಯನ್ನು ಕಾಲೇಜಿನ ವಿದ್ಯಾರ್ಥಿಗಳು ಒಂದು ವಾರದಲ್ಲಿ ತೆಗೆಯಬಲ್ಲರು. ಅವರ ಅಧ್ಯಾಪಕರು ಆ ಪಟ್ಟಿಯನ್ನು ಪುರಸಭೆಯ ಮುಂದಿಡಲಿ. ಎಷ್ಟು ಮಾಡುಗಳ ಮೇಲೆ ಬಿಸಿಲು ಸುಮ್ಮನೆ ಬಿದ್ದು ಹೋಗುತ್ತಿದೆಯೆಂಬುದು ಮುಂದಿನ ಸಭೆಯ ನಡವಳಿಯಲ್ಲಿ ದಾಖಲಾಗಲಿ.