ಇಂಗು, ತೆಂಗು ಮತ್ತು ಮಂಗ

ಕಳೆದ ಗೌರಿಹಬ್ಬಕ್ಕೆ ಬಂದಿದ್ದ ನಮ್ಮ ಯಜಮಾನರ ಚಿಕ್ಕಪ್ಪ ಮೂರು ಸಲ ಸಾರು ಬಡಿಸಿಕೊಂಡರು. ಕೈ ತೊಳೆದು ಬಂದವರೇ, "ಇಂಗು ತೆಂಗು ಇದ್ದರೆ ಮಂಗನೂ ಅಡಿಗೆ ಮಾಡುತ್ತೆ ಕಣಮ್ಮಾ" ಎಂದು ನಕ್ಕರು. ಹಜಾರದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಪಾತ್ರೆ ತೊಳೆಯುವಾಗ ಸಿಟ್ಟು ಬಂತು. ಬೆಳಗಿನ ಐದಕ್ಕೆ ಎದ್ದವಳು ನಾನು, ಹೊಗಳಿಕೆ ಇಂಗಿಗೆ!

ಈ ಗಾದೆ ಕಟ್ಟಿದವರು ಒಂದು ದಿನವೂ ಒಗ್ಗರಣೆ ಸೌಟು ಹಿಡಿದವರಲ್ಲ. ಇಂಗು ತಿಂದ ಮಂಗನ ಅವಸ್ಥೆ ಏನೆಂದು ಹೇಳುವ ಮಾತೂ ನಮ್ಮಲ್ಲೇ ಇದೆ, ಅದೂ ಅವರಿಗೆ ನೆನಪಾಗಲಿಲ್ಲ.

ಇಂಗು ಕೊಳ್ಳುವುದೇ ಒಂದು ವಿದ್ಯೆ. ಡಬ್ಬಿಯ ಹಿಂಬದಿಯ ಸಣ್ಣಕ್ಷರ ಓದಿ ನೋಡಿ: ಗೋಧಿ ಹಿಟ್ಟೋ ಅಕ್ಕಿ ಹಿಟ್ಟೋ, ತಿನ್ನುವ ಗೋಂದು, ಅವುಗಳ ಜೊತೆಗೆ ಇಂಗು. ಇದು ಮೋಸವೇನಲ್ಲ. ಅಫ್ಘಾನಿಸ್ತಾನ, ಇರಾನ್ ಕಡೆ ಬೆಳೆಯುವ ಗಿಡದ ಬೇರನ್ನು ಕೊಯ್ದಾಗ ಒಸರುವ ಹಾಲು ಗಟ್ಟಿಯಾದರೆ ಅದು ಅಸಲು ಇಂಗು. ಅದರ ಘಾಟು ತಡೆಯುವುದು ಕಷ್ಟ, ಹಾಗಾಗಿ ಹಿಟ್ಟು ಸೇರಿಸುತ್ತಾರೆ. (ನಮ್ಮ ದೇಶದಲ್ಲಿ ಅದನ್ನು ಬೆಳೆಸಬೇಕೆಂದು ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ನಮ್ಮ ಸಾರಿನ ಘಮವೆಲ್ಲ ಪರದೇಶದ್ದೇ.) ಪಟ್ಟಿಯಲ್ಲಿ ಮೊದಲು ಬರೆದದ್ದು ತೂಕದಲ್ಲಿ ಹೆಚ್ಚು ಎಂಬುದು ನೆನಪಿರಲಿ. ಗೋಧಿ ಕೂಡದೆಂದು ಡಾಕ್ಟರು ಹೇಳಿದ ಮಗುವಿರುವ ಮನೆಯಲ್ಲಿ ಇದನ್ನು ಓದದೆ ಸಾರಿಗೆ ಒಗ್ಗರಣೆ ಹಾಕುವಂತಿಲ್ಲ. ಓದುವವರು ಯಾರು? ಮಂಗನೇ?

ತಂದಮೇಲೆ ಹಾಕುವ ಹದ. ಪುಡಿ ಇಂಗನ್ನು ಸಾಸಿವೆಯ ಜೊತೆಗೇ ಕಾದ ಎಣ್ಣೆಗೆ ಸುರಿದರೆ, ಸಾಸಿವೆ ಸಿಡಿಯುವಷ್ಟರಲ್ಲಿ ಇಂಗು ಸೀದು ಕಹಿಯಾಗಿರುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಎಷ್ಟು ಒಗ್ಗರಣೆ ಚೆಲ್ಲಿದ್ದೇನೋ ಲೆಕ್ಕವಿಲ್ಲ. ಕರಿಬೇವು ಬಿದ್ದು, ಒಲೆ ಆರಿಸಿದ ಮೇಲೆ, ಎಣ್ಣೆಯ ಆ ಉಳಿದ ಬಿಸಿಗೆ ಇಂಗು ಬೀಳಬೇಕು. ನನ್ನ ಅತ್ತೆ ಇದನ್ನು ಬಾಯಲ್ಲಿ ಹೇಳಲಿಲ್ಲ, ಪಕ್ಕದಲ್ಲಿ ನಿಂತು ಸರಿಯಾದ ಗಳಿಗೆಗೆ ನನ್ನ ಮೊಣಕೈ ತಟ್ಟುತ್ತಿದ್ದರು. ಕರಾವಳಿಯ ಕೊಂಕಣಿ ಮನೆಗಳಲ್ಲಿ ಗಟ್ಟಿ ಇಂಗನ್ನು ನೀರಿನಲ್ಲಿ ಕದಡಿ ಬೇಳೆಗೆ ಹಾಕುತ್ತಾರೆ. ಆ ನೀರು ಒಂದು ಚಮಚ ಹೆಚ್ಚಾದರೂ ಪಾತ್ರೆಯಷ್ಟೂ ಕಷಾಯ.

ತೆಂಗಿನ ಮಾತು ಬೇಡ. ತುರಿಮಣೆಯ ಮೇಲೆ ಕೂತು ಬೆರಳು ಕೊಯ್ದುಕೊಂಡವರಿಗೆ ಹೇಳಬೇಕಿಲ್ಲ.

ಗಾದೆ ಅಂದರೆ ತಮಾಷೆ, ಅದನ್ನೇಕೆ ಹಿಡಿದು ಜಗ್ಗುತ್ತೀ ಎಂದು ಮನೆಯವರು ಕೇಳಿದರು. ನಮ್ಮ ಬೀದಿಯಲ್ಲಿ ಒಬ್ಬಾಕೆ ಸಾರಿನಪುಡಿ ಮಾಡಿ ಮಾರುತ್ತಾಳೆ. ಮಳೆಗಾಲದಲ್ಲಿ ಮೆಣಸಿನಕಾಯಿ ಒಣಗದೆ ಬಾಣಲೆಯ ಮುಂದೆ ಗಂಟೆಗಟ್ಟಲೆ ಕೆಮ್ಮುತ್ತಾ ಕೂರುತ್ತಾಳೆ. ಕೊಳ್ಳಲು ಬಂದವರು, "ಏನ್ರೀ ಇದರಲ್ಲಿ, ಕೊತ್ತಂಬರಿ, ಮೆಣಸಿನಕಾಯಿ, ಇಂಗು ತಾನೆ? ಇಷ್ಟು ರೇಟೇ?" ಎಂದು ಚೌಕಾಸಿ ಮಾಡುತ್ತಾರೆ. ದಿನಸಿ ಲೆಕ್ಕ ಹಾಕಿ, ಅವಳ ಕೈಯ ಲೆಕ್ಕ ಬಿಟ್ಟು ದುಡ್ಡು ಕೊಡುತ್ತಾರೆ. ಹಾಗೆ ಚೌಕಾಸಿ ಮಾಡುವವರಲ್ಲಿ ಹೆಂಗಸರೇ ಹೆಚ್ಚು, ನಾಚಿಕೆಯಿಂದ ಹೇಳುತ್ತೇನೆ, ಒಂದು ಸಲ ನಾನೂ ಮಾಡಿದ್ದೇನೆ. ಚಿಕ್ಕಪ್ಪನ ಗಾದೆ ಆಗ ನನ್ನ ಬಾಯಲ್ಲೂ ಇತ್ತು.

ದೀಪಾವಳಿಗೂ ಅವರು ಬರುತ್ತಾರಂತೆ. ಇಂಗಿನ ಡಬ್ಬಿ, ಸುಲಿದ ತೆಂಗಿನಕಾಯಿ ಎರಡನ್ನೂ ಕಟ್ಟೆಯ ಮೇಲೆ ಎದುರಿಗೇ ಇಟ್ಟು ನಾನು ತವರಿಗೆ ಹೊರಡುವವಳಿದ್ದೇನೆ.