ಬೆಂಗಳೂರಿನ ಡಾಲ್ಫಿನ್

ಜಯನಗರ, ಬನಶಂಕರಿಗಳ ಹಿರಿಯರಲ್ಲಿ ಕೆಲವರಿಗಾದರೂ ಡಾಲ್ಫಿನ್ ಎಂಬ ಪುಟ್ಟ ಕಾರಿನ ನೆನಪಿರಬೇಕು. 1980ರ ದಶಕದ ಆರಂಭದಲ್ಲಿ ಸಿಪಾನಿ ಸಂಸ್ಥೆಯವರು ಅದನ್ನು ಬೆಂಗಳೂರಿನಲ್ಲಿಯೇ ತಯಾರಿಸಿದರು. ಅದರ ತವರು ಮಾತ್ರ ಇಂಗ್ಲೆಂಡಿನ ಟ್ಯಾಮ್‌ವರ್ತ್. ಅಲ್ಲಿಯ ರಿಲಯಂಟ್ ಕಂಪನಿಯ ‘ಕಿಟನ್’ ಎಂಬ ಕಾರು ಇಲ್ಲಿ ಡಾಲ್ಫಿನ್ ಎಂದು ನಾಮಕರಣಗೊಂಡಿತು. ಬೆಕ್ಕಿನ ಮರಿ ಕಡಲು ದಾಟುವಷ್ಟರಲ್ಲಿ ಜಲಚರವಾಯಿತು!

ರಿಲಯಂಟ್ ದೊಡ್ಡ ಮನೆತನವೇನಲ್ಲ. ಮೂರು ಚಕ್ರದ ಕಾರುಗಳೇ ಅದರ ಕುಲಕಸುಬು. ಬ್ರಿಟನ್ನಿನ ಕಾನೂನು ಹಗುರವಾದ ಮೂರು ಚಕ್ರದ ವಾಹನಕ್ಕೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟಿತ್ತು. ಮೋಟರ್ ಸೈಕಲ್ಲಿನ ಲೈಸೆನ್ಸ್ ಉಳ್ಳವನೂ ಅದನ್ನು ನಡೆಸಬಹುದಾಗಿತ್ತು. ತೂಕ ಮಿತಿ ಮೀರಬಾರದೆಂದು ಕಂಪನಿ ಉಕ್ಕಿನ ತಗಡನ್ನು ಬಿಟ್ಟು ಫೈಬರ್ ಗ್ಲಾಸಿನ ಮೈಯನ್ನೂ ಅಲ್ಯೂಮಿನಿಯಂ ಎಂಜಿನನ್ನೂ ಆರಿಸಿಕೊಂಡಿತು. 1975ರಲ್ಲಿ ನಾಲ್ಕನೆಯ ಚಕ್ರ ಸೇರಿ ಕಿಟನ್ ಹುಟ್ಟಿತು. ಚಕ್ರ ಸೇರಿದೊಡನೆ ರಿಯಾಯಿತಿ ತಪ್ಪಿತು. 1982ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ತವರಿನಲ್ಲಿ ಹೊರಬಂದಿದ್ದವು ನಾಲ್ಕು ಸಾವಿರದ ಆಸುಪಾಸು ಮಾತ್ರ.

ಅಲ್ಲಿ ನಡೆಯದ ನಾಣ್ಯ ಇಲ್ಲಿ ನಡೆದೀತೆಂಬ ಆಸೆಯನ್ನು ಅವಿವೇಕವೆನ್ನಲಾಗದು. ಫಿಯೆಟ್ಟಿಗೋ ಅಂಬಾಸಡರಿಗೋ ಹಣ ಕಟ್ಟಿ ವರ್ಷಗಟ್ಟಲೆ ಕಾಯುವುದು ಗೃಹಸ್ಥರಿಗೆ ವಾಡಿಕೆಯಾಗಿದ್ದ ಕಾಲ ಅದು. ಸಿಪಾನಿಯವರಿಗೆ ಫೈಬರ್ ಗ್ಲಾಸ್ ಹೊಸದೂ ಅಲ್ಲ. 1970ರ ದಶಕದಲ್ಲಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಅದರಿಂದಲೇ ಮಾಡಿದ್ದರು. ಡಾಲ್ಫಿನ್ನಿನದು 848 ಸಿ.ಸಿ. ಎಂಜಿನು, ಮಿತವಾದ ಪೆಟ್ರೋಲು ಖರ್ಚು, ತುಕ್ಕು ಹಿಡಿಯದ ಮೈ. ಹಗುರವಾಗಿದ್ದುದರಿಂದ ಪಂದ್ಯಗಳಲ್ಲಿ ಕಾರು ಓಡಿಸುವ ಉತ್ಸಾಹಿಗಳೂ ಅದನ್ನು ಮೆಚ್ಚಿದರು.

ಆದರೆ ಸಂಸಾರಸ್ಥನ ಪಂದ್ಯವೇ ಬೇರೆ. ಡಾಲ್ಫಿನ್ನಿಗೆ ಇದ್ದುದು ಎರಡೇ ಬಾಗಿಲು. ಶನಿವಾರ ಸಂಜೆ ರಾಗಿಗುಡ್ಡದ ಆಂಜನೇಯನ ದರ್ಶನಕ್ಕೆ ಮನೆಮಂದಿಯೆಲ್ಲ ಹೊರಟರೆನ್ನಿ. ಮುಂದಿನ ಸೀಟನ್ನು ಮಡಿಸಿ, ರೇಷ್ಮೆ ಸೀರೆಯ ಅಜ್ಜಿಯನ್ನು ಹಿಂದಕ್ಕೆ ತೂರಿಸಬೇಕು. ಗುಡ್ಡದ ಬುಡದಲ್ಲಿ ಮತ್ತೆ ಹೊರಕ್ಕೆಳೆಯಬೇಕು. ಮೆಟ್ಟಿಲು ಹತ್ತುವ ಮೊದಲೇ ಆಕೆಗೆ ಸೇವೆ ಸಂದಂತೆ!

ಮೈಗೆ ಪೆಟ್ಟು ಬಿದ್ದಾಗಿನ ಪಾಡು ಇನ್ನೊಂದು. ತಗಡು ತಗ್ಗಾದರೆ ಬೀದಿಯ ಕೊನೆಯ ಗ್ಯಾರೇಜಿನವನು ಸುತ್ತಿಗೆಯಿಂದ ಬಡಿದು ಸರಿಮಾಡುತ್ತಾನೆ. ಫೈಬರ್ ಗ್ಲಾಸು ತಗ್ಗಾಗುವುದಿಲ್ಲ, ಸೀಳುತ್ತದೆ. ಸೀಳಿದ ಜಾಗವನ್ನು ಉಜ್ಜಿ, ಗಾಜಿನ ನೂಲಿನ ಹಾಸನ್ನು ರಾಳದಲ್ಲಿ ಅದ್ದಿ, ಪದರದ ಮೇಲೆ ಪದರವಾಗಿ ಅಂಟಿಸಿ ಒಣಗಿಸಬೇಕು. ತಗಡಿಗೆ ಪಳಗಿದ ಕೈಗಳಿಗೆ ಈ ಕಸುಬು ಅಪರಿಚಿತ. ಉಳಿತಾಯವನ್ನೆಲ್ಲ ಸುರಿದು ಜೀವಮಾನದಲ್ಲಿ ಒಂದೇ ಕಾರು ಕೊಳ್ಳುವವನು ‘ಪ್ಲಾಸ್ಟಿಕ್ ಕಾರು’ ಎಂಬ ಮಾತಿಗೆ ಅಳುಕಿದರೆ ಅವನನ್ನು ಪುಕ್ಕಲನೆನ್ನುವುದು ನ್ಯಾಯವಲ್ಲ.

ಅಷ್ಟರಲ್ಲಿ 1983ರ ಡಿಸೆಂಬರ್ 14ರಂದು ಮೊದಲ ಮಾರುತಿ ಕಾರಿನ ಕೀಲಿಕೈಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಗ್ರಾಹಕರೊಬ್ಬರ ಕೈಗಿತ್ತರು. ಅದರ ಎಂಜಿನು 796 ಸಿ.ಸಿ., ಡಾಲ್ಫಿನ್ನಿಗಿಂತ ಚಿಕ್ಕದು. ಆದರೆ ನಾಲ್ಕು ಬಾಗಿಲು, ಉಕ್ಕಿನ ಮೈ, ಬೆನ್ನಿಗೆ ಭಾರತ ಸರ್ಕಾರ ಮತ್ತು ಜಪಾನಿನ ಸುಜುಕಿ. ಸಿಪಾನಿಯವರು ಮುಂದೆ ಮೊಂಟಾನಾ ಎಂಬ ಹೆಸರಿನಲ್ಲಿ ನಾಲ್ಕು ಬಾಗಿಲಿನ ಕಾರನ್ನೂ ತಂದರು. ಹೊತ್ತು ಮೀರಿತ್ತು.

ಕಥೆಗೆ ಒಂದು ಬಾಲವುಂಟು. 2001ರಲ್ಲಿ ಬೆಂಗಳೂರಿನಲ್ಲಿ ರೇವಾ ಎಂಬ ವಿದ್ಯುತ್ ಕಾರು ಹುಟ್ಟಿತು. ಅದಕ್ಕೂ ಎರಡೇ ಬಾಗಿಲು, ಹೊರಮೈ ಪ್ಲಾಸ್ಟಿಕ್ಕಿನದೇ. ಊರಿನವರು ಅದನ್ನು ಕುತೂಹಲದಿಂದ ನೋಡಿದರು, ಕೊಂಡವರು ಕಡಿಮೆ. ಆದರೆ ಲಂಡನ್ನಿನಲ್ಲಿ ಅದೇ ಕಾರು ಜೀ-ವಿಜ್ ಎಂಬ ಹೆಸರಿನಿಂದ ಸಾಕಷ್ಟು ಓಡಾಡಿತು. ನಗರದ ನಡುಭಾಗಕ್ಕೆ ಬರುವ ಕಾರುಗಳ ಮೇಲೆ 2003ರಲ್ಲಿ ಅಲ್ಲಿ ಹೇರಿದ್ದ ಸುಂಕ ಆಗ ಅದಕ್ಕೆ ಅನ್ವಯಿಸುತ್ತಿರಲಿಲ್ಲ.