ಬಿಡುವಿನ ದುಡಿಮೆ

ಆಟವೆಂದರೆ ಕಾಲಹರಣವೆಂದು ಹಿರಿಯರು ಗದರುವುದುಂಟು. ಆ ಮಾತು ಅರ್ಧಸತ್ಯ. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ನರು ಗ್ರಹಗಳ ನಡುವೆ ನೌಕೆ ನಡೆಸುವ ಗಣಕಯಂತ್ರದ ಆಟವೊಂದನ್ನು ರಚಿಸಿದರು. ಅದನ್ನು ಹಳೆಯ ಯಂತ್ರವೊಂದಕ್ಕೆ ಅಳವಡಿಸುವಾಗ ದೊರೆತ ಅನುಭವವು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಹುಟ್ಟಿಗೆ ನೆರವಾಯಿತು. ಅದರ ಮಾದರಿಯಲ್ಲಿ 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸರು ಬಿಡುವಿನ ಹವ್ಯಾಸವಾಗಿ ಲಿನಕ್ಸನ್ನು ಆರಂಭಿಸಿದರು. ಇಂದು ಜಗತ್ತಿನ ಅತಿವೇಗದ ಗಣಕಯಂತ್ರಗಳೆಲ್ಲ ಲಿನಕ್ಸಿನಿಂದಲೇ ನಡೆಯುತ್ತಿವೆ.

ಲಿನಕ್ಸಿನ ಮೂಲಲಿಪಿಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಹರಪನಹಳ್ಳಿ ತಾಲ್ಲೂಕಿನ ನೀಲಗುಂದದ ಮಕ್ಕಳಿಗೂ ಆ ಹಕ್ಕಿದೆ. ಆದರೆ ಆಡುವುದರಲ್ಲಿಯೇ ತೃಪ್ತರಾದವರಿಗೆ ಅದು ದಕ್ಕದು. ಆಟವು ಹೇಗೆ ನಡೆಯುತ್ತದೆಂದು ಪ್ರಶ್ನಿಸಿ, ಬಿಚ್ಚಿ ನೋಡಿ, ಮರಳಿ ಕಟ್ಟುವವರಿಗೆ ಮಾತ್ರ ಬಿಡುವು ವಿದ್ಯೆಯಾಗುತ್ತದೆ. ಇಲ್ಲವಾದರೆ ಹಿರಿಯರ ಗದರಿಕೆಯೇ ಪೂರ್ಣಸತ್ಯವಾದೀತು.